ಅಕ್ಕನ ಜೋಡಿ, ಚಂದ್ರನ್ಹಂಗ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ‘ಕಂಪೇರ್’ ಎಂಬ ಒಂದೇ ಕ್ರಿಯಾಪದದಿಂದ ನಾನು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಅರ್ಥ ಮಕ್ಕಳ ಬಾಯಲ್ಲೇ ಇರುತ್ತದೆ. ಮೊದಮೊದಲು ಬೋರ್ಡಿನ ಮೇಲೆ ‘ಕಂಪೇರ್ ಅಂದರೆ ಹೋಲಿಸು’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಜೇವರ್ಗಿಯಲ್ಲಿ ಒಬ್ಬ ಹುಡುಗಿ ಎದ್ದು, “ನಮ್ಮವ್ವ ಯಾವಾಗ್ಲೂ ಅಕ್ಕನ ಜೋಡಿ ನನ್ನ ಹೋಲಸ್ತಾಳ್ರಿ ಸರ್” ಅಂದಳು. ನಮ್ಮ ಕಡೆ ‘ಜೊತೆ’ಗೆ ‘ಜೋಡಿ’ ಅನ್ನುತ್ತಾರೆ. ಕಂಪೇರ್‌ನ ಲ್ಯಾಟಿನ್ ಬೇರಿನಲ್ಲಿರುವ ‘ಪಾರ್’ ಎಂದರೆ ಸಮ. ಇಂಗ್ಲಿಷಿನ ‘ಪೇರ್’, ಅಂದರೆ ಜೋಡಿ, ಹುಟ್ಟಿದ್ದೂ ಅದರಿಂದಲೇ. ನಿಘಂಟು ತೆರೆಯದೆ ಆಕೆ ಪದದ ಬೇರು ಮುಟ್ಟಿದ್ದಳು.

2. ‘ವಿತ್’ ಮತ್ತು ‘ಟು’ ಎರಡು ಬೇರೆ ಕೆಲಸ. ಅಫಜಲಪುರದ ಭೀಮಾ ದಂಡೆಯ ಕಬ್ಬಿನ ಹೊಲವನ್ನೂ ಆಳಂದದ ಮಳೆ ನಂಬಿದ ತೊಗರಿ ಹೊಲವನ್ನೂ ಎದುರುಬದುರು ಇಟ್ಟು ನೀರೆಷ್ಟು, ಖರ್ಚೆಷ್ಟು ಎಂದು ತೂಗಿ ನೋಡಿದರೆ ‘ವಿತ್’. ಅಲ್ಲಿ ಸಾಮ್ಯವೂ ಬೇಕು, ವ್ಯತ್ಯಾಸವೂ ಬೇಕು. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು “ಚಂದ್ರನ್ಹಂಗ ಅದಾಳ” ಅಂದರೆ ‘ಟು’. ಅಲ್ಲಿ ತಕ್ಕಡಿ ಇಲ್ಲ. ಒಂದರಲ್ಲಿ ಇನ್ನೊಂದು ಕಂಡಿದೆ, ಅಷ್ಟೆ. ಇದನ್ನು ವಿವರಿಸಲು ನನಗೆ ಒದಗಿದ್ದು ಕನ್ನಡದ ಪಿರಿಯಡ್. ಉಪಮೇಯ, ಉಪಮಾನ, ಸಮಾನಧರ್ಮ ಎಂದು ಮಕ್ಕಳು ಅಲ್ಲಿ ಬಾಯಿಪಾಠ ಮಾಡಿರುತ್ತಾರೆ. ಅಲಂಕಾರಗಳನ್ನು ಕನ್ನಡದಲ್ಲಿ ವಿವರಿಸಿದ ‘ಕವಿರಾಜಮಾರ್ಗ’ 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿತು. ಅವರ ರಾಜಧಾನಿ ಮಳಖೇಡ ಇರುವುದು ನಮ್ಮ ಜಿಲ್ಲೆಯಲ್ಲೇ. ಷೇಕ್ಸ್‌ಪಿಯರ್‌ನ 18ನೇ ಸಾನೆಟ್ಟಿನ ಮೊದಲ ಸಾಲಿನಲ್ಲೂ ಕಂಪೇರ್ ಜೊತೆ ಬಂದಿರುವುದು ‘ಟು’ ಎಂದು ತೋರಿಸಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಆದರೆ ‘ಕಂಪೇರ್ಡ್’ ಎಂದು ಬಂದಾಗ ಈಗಿನ ಇಂಗ್ಲಿಷಿನಲ್ಲಿ ಎರಡೂ ನಡೆಯುತ್ತವೆ. ಅದಕ್ಕೆ ಕೆಂಪು ಗೀಟು ಎಳೆಯುವುದನ್ನು ಬಿಟ್ಟಿದ್ದೇನೆ.

3. ‘ಲೈಕನ್’ ಬಂದರೆ ‘ಟು’ ಮಾತ್ರ. ಅಜ್ಜಿಯ ಚಂದ್ರನಿಗೆ ಒಪ್ಪುವ ಪದ ಅದು. ಹೊಲದ ಲೆಕ್ಕಕ್ಕೆ ಬಾರದು.

4. ತಪ್ಪಿನ ಮೂಲ ‘ಇಂತ’ದಲ್ಲಿದೆ. ‘ಜೋಳಕ್ಕಿಂತ ತೊಗರಿ ತುಟ್ಟಿ’ ಎನ್ನುವಾಗ ‘ತುಟ್ಟಿ’ ಇದ್ದ ಹಾಗೇ ಇರುತ್ತದೆ. ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಹೊರುತ್ತದೆ. ಇಂಗ್ಲಿಷಿನಲ್ಲಿ ಗುಣವಾಚಕವೂ ಬದಲಾಗಬೇಕು, ‘ದ್ಯಾನ್’ ಕೂಡ ಬೇಕು. ಮಗು ‘ಟಾಲ್ ದ್ಯಾನ್’ ಎಂದು ಬರೆದರೆ ಅದು ದಡ್ಡತನವಲ್ಲ, ಕನ್ನಡದ ವ್ಯಾಕರಣ ನೆಟ್ಟಗಿರುವುದರ ಗುರುತು. ಇದು ತಿಳಿಯುವ ಮೊದಲು ಎಷ್ಟೋ ಮಕ್ಕಳನ್ನು ಬೈದಿದ್ದೇನೆ. ಆ ನೋವು ಇನ್ನೂ ಇದೆ.

5. ಉದಾಹರಣೆಗೆ ಮಕ್ಕಳನ್ನು ನಿಲ್ಲಿಸಬಾರದು. ಇಬ್ಬರನ್ನು ಮುಂದೆ ಕರೆದು ಯಾರು ಎತ್ತರ, ಯಾರು ಗಿಡ್ಡ ಎಂದು ಕೇಳುವುದು ನನಗೂ ರೂಢಿಯಾಗಿತ್ತು. ಅಕ್ಕನ ಜೋಡಿ ತೂಗಿಸಿಕೊಂಡು ಬಂದ ಆ ಹುಡುಗಿಯ ಮುಖ ನೆನಪಾದ ಮೇಲೆ ಅದನ್ನು ನಿಲ್ಲಿಸಿದೆ. ಈಗ ಮೇಜಿನ ಮೇಲೆ ಒಂದು ಹಿಡಿ ತೊಗರಿ, ಒಂದು ಹಿಡಿ ಕಡಲಿ ಇಟ್ಟು ಪಾಠ ಶುರು ಮಾಡುತ್ತೇನೆ.