ರಾತ್ರಿ ನಾಲ್ಕು ಸಲ ಏಳುವ ಅಜ್ಜ

ಶಿಗ್ಲಿಯ ಒಂದು ಓಣಿ. ಅಲ್ಲೊಂದು ನೇಕಾರರ ಮನೆ. ಅಜ್ಜನಿಗೆ 68 ವರ್ಷ. ಮಗ್ಗದ ಮುಂದೆ ಕೂತರೆ ಗೇಣು ನೇಯುವಷ್ಟರಲ್ಲಿ ಎದ್ದು ಒಂದಕ್ಕೆ ಹೋಗುತ್ತಾನೆ. ರಾತ್ರಿ ನಾಲ್ಕು ಸಲ ಚಿಲಕದ ಸಪ್ಪಳ. ಒಮ್ಮೆ ಕತ್ತಲಲ್ಲಿ ಹೊಸ್ತಿಲು ಎಡವಿ ಬಿದ್ದ.

“ಯಾಕ್ರಿ, ಏನಾಗೇತಿ?” ಅಜ್ಜಿ ಕೇಳಿದಳು.

“ಏನಿಲ್ಲ ಬಿಡು. ವಯಸ್ಸಾತು.”

ಇಂಥ ಮಾತು ಗಂಡಸರು ಹೇಳೋದಿಲ್ಲ. ನಾವೂ ಕೇಳೋದಿಲ್ಲ. ನಾಚಿಕೆ. ಆದರೆ ಚಿಲಕದ ಸಪ್ಪಳ ಮೊದಲು ಕೇಳೋದು ನಮಗೇ.

ಗಂಡಸರ ಮೂತ್ರಚೀಲದ ಕೆಳಗೆ ಒಂದು ಗ್ರಂಥಿ ಇರುತ್ತದೆ. ಅದರ ಹೆಸರು ಪ್ರಾಸ್ಟೇಟ್. ಹೆಂಗಸರಿಗೆ ಇದು ಇಲ್ಲ. ಹರೆಯದಲ್ಲಿ ಬೆಟ್ಟದ ನೆಲ್ಲಿಕಾಯಿಯಷ್ಟು ಇರುತ್ತದೆ. ಮೂತ್ರದ ನಳಿಗೆ ಇದರ ನಡುವೆ ಹಾದು ಬರುತ್ತದೆ. ವಯಸ್ಸಾದಂತೆ ಗ್ರಂಥಿ ದಪ್ಪಾಗಿ ನಳಿಗೆಯನ್ನು ಒತ್ತುತ್ತದೆ. ಹೊಲಕ್ಕೆ ನೀರು ಬಿಡುವ ಪೈಪನ್ನು ಕಾಲಲ್ಲಿ ಮೆಟ್ಟಿದರೆ ಏನಾಗುತ್ತದೆ? ಹಾಗೇ ಇದು. ಧಾರೆ ಸಣ್ಣದಾಗುತ್ತದೆ. ಶುರುವಾಗಲು ಹೊತ್ತು ಹಿಡಿಯುತ್ತದೆ. ಕೊನೆಗೆ ಹನಿ ಹನಿ. ಹೋಗಿ ಬಂದರೂ ಇನ್ನೂ ಉಳಿದಿದೆ ಅನಿಸುತ್ತದೆ.

60 ದಾಟಿದ ಗಂಡಸರಲ್ಲಿ ಸುಮಾರು ಅರ್ಧ ಜನರಿಗೆ ಈ ಗ್ರಂಥಿ ದಪ್ಪಾಗಿರುತ್ತದೆ. ಎಲ್ಲರಿಗೂ ತ್ರಾಸ ಆಗೋದಿಲ್ಲ. ಇದು ಕ್ಯಾನ್ಸರ್ ಅಲ್ಲ. ಆದರೆ ಅದೇ ಗ್ರಂಥಿಗೆ ಕ್ಯಾನ್ಸರ್ ಬೇರೆಯಾಗಿ ಬರಬಹುದು. ಸಕ್ಕರೆ ರೋಗ ಇದ್ದರೂ ರಾತ್ರಿ ಏಳಬೇಕಾಗುತ್ತದೆ. ಯಾವುದು ಅಂತ ಡಾಕ್ಟರೇ ಪರೀಕ್ಷೆ ಮಾಡಿ ಹೇಳಬೇಕು.

ಅಜ್ಜ ಏನು ಮಾಡಿದ? ಏಳೋದು ಬೇಡ ಅಂತ ನೀರು ಕುಡಿಯೋದನ್ನೇ ಬಿಟ್ಟ. ನಮ್ಮ ಕಡೆಯ ಬಿಸಿಲಿಗೆ ಇದು ಬಲು ತಪ್ಪು. ಹಗಲು ನೀರು ಬೇಕು. ಸಂಜೆ ಮೇಲೆ ನೀರು, ಚಹಾ ಕಡಿಮೆ ಮಾಡಿದರೆ ಸಾಕು.

ಒಂದು ದಿನ ಅಜ್ಜನಿಗೆ ನೆಗಡಿ. ಅಂಗಡಿಯಿಂದ ಗುಳಿಗಿ ತಂದು ನುಂಗಿದ. ಆ ರಾತ್ರಿ ಮೂತ್ರ ಪೂರ್ತಿ ಕಟ್ಟಿತು. ಕೆಲವು ನೆಗಡಿ ಗುಳಿಗಿಗಳು ಹೀಗೆ ಮಾಡುತ್ತವೆ. ಕಿಬ್ಬೊಟ್ಟೆ ಉಬ್ಬಿತು. ಅಜ್ಜ ಒದ್ದಾಡಿದ. ಅಜ್ಜಿ ಜೀರಿಗಿ ನೀರು ಕುಡಿಸಿದಳು. ದಾರಿ ಕಟ್ಟಿದಾಗ ನೀರು ಕುಡಿಸಿದರೆ ಚೀಲ ಮತ್ತೂ ತುಂಬುತ್ತದೆ!

ಸೊಸೆ ತಡೆದಳು. “ಮಾವಾರ, ನಾಚಿಕಿ ಬ್ಯಾಡ್ರಿ. ಗಾಡಿ ತರಸ್ತೀನಿ.” ಲಕ್ಷ್ಮೇಶ್ವರದ ದವಾಖಾನೆಯಲ್ಲಿ ನಳಿಗೆ ಹಾಕಿ ಮೂತ್ರ ತೆಗೆದರು. ಅಜ್ಜ ಉಸಿರು ಬಿಟ್ಟ. ಮೂತ್ರ ಹೀಗೆ ಕಟ್ಟಿದರೆ ಬೆಳಗಿನವರೆಗೆ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೂ ತಡ ಮಾಡಬಾರದು. ಬಹಳ ದಿನ ಬಿಟ್ಟರೆ ಮೂತ್ರಪಿಂಡ ಕೆಡಬಹುದು.

ಇದಕ್ಕೆ ಗುಳಿಗಿಗಳಿವೆ. ಒಂದು ಬಗೆಯದು ನಳಿಗೆಯ ಬಿಗಿತ ಸಡಿಲಿಸುತ್ತದೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಇದನ್ನು ನುಂಗಿದವರು ಹಾಸಿಗೆಯಿಂದ ಗಡಬಡಿಸಿ ಏಳಬಾರದು. ತಲೆ ತಿರುಗಬಹುದು. ಇನ್ನೊಂದು ಬಗೆಯದು ಗ್ರಂಥಿಯನ್ನು ಕುಗ್ಗಿಸುತ್ತದೆ. ಅದಕ್ಕೆ ಆರು ತಿಂಗಳಾದರೂ ಬೇಕು. ನಡುವೆ ಬಿಡಬಾರದು. ಗುಳಿಗಿಗೆ ಬಗ್ಗದಿದ್ದರೆ ಆಪರೇಷನ್. ಹೆಚ್ಚಿನವರಿಗೆ ಹೊಟ್ಟೆ ಕೊಯ್ಯೋದಿಲ್ಲ. ಮೂತ್ರದ ದಾರಿಯಿಂದಲೇ ಸಲಕರಣೆ ಹಾಕಿ ತೆಗೆಯುತ್ತಾರೆ.

ದವಾಖಾನೆಗೆ ಹೋಗುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು ಒಯ್ಯಬೇಕು. ಸರಕಾರದ ಆರೋಗ್ಯ ಯೋಜನೆಯಲ್ಲಿ ಖರ್ಚು ಸಿಗುತ್ತದೆಯೋ ಅಂತ ಅಲ್ಲೇ ಕೇಳಬೇಕು. ಸರಕಾರಿ ಬಸ್ಸಿನಲ್ಲಿ ನಮಗಂತೂ 2023ರಿಂದ ಟಿಕೀಟಿನ ರೊಕ್ಕ ಇಲ್ಲ. ಅಜ್ಜನಿಗೆ ಮಾತ್ರ ತೆಗೆಸಬೇಕು!

ಡಾಕ್ಟರು ಕೇಳುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ ಅಂತ. ಅಜ್ಜ ‘ಒಂದೆರಡು ಸಲ’ ಅಂದುಬಿಡುತ್ತಾನೆ. ಅದಕ್ಕೇ ಸೊಸೆ ಈಗ ಪಾಟಿಯ ಮೇಲೆ ಬರೆದಿಡುತ್ತಾಳೆ:

ಸೋಮವಾರ – 4
ಮಂಗಳವಾರ – 5
ಬುಧವಾರ – 4