ಹಗಲಿನ ವಿದ್ಯುಚ್ಛಕ್ತಿಯೂ ಪಂಪುಸೆಟ್ಟುಗಳ ಸರತಿಯೂ
(ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮದ ಯಜಮಾನರಿಗೂ ಭೂಮಾಲೀಕರಿಗೂ)

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಅರಿಸಿನ, ಈರುಳ್ಳಿ, ಟೊಮೇಟೊ, ಬಾಳೆ ಮೊದಲಾದ ಬೆಳೆಗಳು ಬಹುಮಟ್ಟಿಗೆ ಕೊಳವೆ ಬಾವಿಯ ನೀರನ್ನೇ ಆಶ್ರಯಿಸಿರುವ ಸಂಗತಿಯು ಸರ್ವರಿಗೂ ವಿದಿತವಾದುದಷ್ಟೆ. ಈ ನೀರು ಮೇಲೆ ಬರುವ ಹೊತ್ತು ವಿದ್ಯುಚ್ಛಕ್ತಿಯ ಪಾಳಿಯನ್ನು ಅನುಸರಿಸಿರುವುದು. ಪಾಳಿಯು ರಾತ್ರಿಯಲ್ಲಿ ಬಂದರೆ ಒಕ್ಕಲು ಮಗನು ಕತ್ತಲೆಯಲ್ಲಿಯೇ ಹೊಲಕ್ಕೆ ಹೋಗಬೇಕು. ಬಂಡೀಪುರದ ಕಾಡಂಚಿನ ಗ್ರಾಮಗಳಲ್ಲಿ ಆನೆ, ಹಂದಿ, ಚಿರತೆಗಳ ಭಯವೂ, ಎಲ್ಲೆಡೆಯಲ್ಲಿಯೂ ಹಾವಿನ ಭಯವೂ, ಒದ್ದೆ ಕೈಯಿಂದ ಸ್ಟಾರ್ಟರನ್ನು ಮುಟ್ಟುವ ಅಪಾಯವೂ ಉಂಟು. ಆದಕಾರಣ ಪಂಪುಗಳಿಗೆ ಹಗಲಿನಲ್ಲಿಯೇ ಶಕ್ತಿಯು ದೊರೆಯುವ ಬಗೆ ಹೇಗೆ, ಅದಕ್ಕೆ ಗ್ರಾಮಸ್ಥರು ಮಾಡತಕ್ಕ ಕೆಲಸಗಳಾವುವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನೀರಿನ ಶಕ್ತಿಯೂ ಬಿಸಿಲಿನ ಶಕ್ತಿಯೂ

ಕೊಳ್ಳೇಗಾಲಕ್ಕೆ ಸಮೀಪದ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ತು ಉತ್ಪನ್ನವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಣೆಕಟ್ಟಿನಲ್ಲಿ ನಿಂತ ನೀರನ್ನು ಬೇಕಾದ ಹೊತ್ತಿನಲ್ಲಿ ಬಿಟ್ಟು ಬೇಕಾದಷ್ಟು ಶಕ್ತಿಯನ್ನು ಪಡೆಯಬಹುದು. ಬಿಸಿಲಿನ ಶಕ್ತಿಯ ಸ್ವಭಾವವು ಬೇರೆ. ಅದು ಬೆಳಗ್ಗೆ ಸ್ವಲ್ಪವಾಗಿ ಆರಂಭಿಸಿ, ಮಧ್ಯಾಹ್ನ ಪೂರ್ಣವಾಗಿ, ಸಂಜೆಗೆ ನಿಂತುಹೋಗುವುದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರಲ್ಲಿ ಪೂರ್ಣವಾಯಿತು. ಇಂತಹ ಸ್ಥಾವರಗಳಿಂದಾಗಿ ನಡುಹಗಲಿನಲ್ಲಿ ನಮ್ಮ ರಾಜ್ಯಕ್ಕೆ ಶಕ್ತಿಯ ಸಮೃದ್ಧಿಯುಂಟು; ಮನೆಮನೆಯಲ್ಲಿ ದೀಪ ಹತ್ತುವ ಸಂಜೆಯಲ್ಲಿಯೇ ಬಿಕ್ಕಟ್ಟು.

ವಿದ್ಯುತ್ತನ್ನು ರಾಗಿಯಂತೆ ಹಗೇವಿನಲ್ಲಿ ತುಂಬಿಡುವುದು ಸುಲಭವಲ್ಲ. ಉತ್ಪತ್ತಿಯೂ ಬಳಕೆಯೂ ಕ್ಷಣಕ್ಷಣಕ್ಕೂ ಸಮನಾಗಿರತಕ್ಕದ್ದು. ಗಾಣಕ್ಕೆ ಭಾರ ಹೆಚ್ಚಿದರೆ ಎತ್ತಿನ ನಡಿಗೆ ನಿಧಾನವಾಗುವುದು, ಭಾರ ತಗ್ಗಿದರೆ ಚುರುಕಾಗುವುದು. ಅದರಂತೆಯೇ ವಿದ್ಯುತ್ ಜಾಲದಲ್ಲಿ ಸೆಕೆಂಡಿಗೆ 50 ಆವರ್ತನಗಳೆಂಬ ನಡಿಗೆಯು ಬಳಕೆ ಹೆಚ್ಚಾದಾಗ ಇಳಿದು, ಕಡಿಮೆಯಾದಾಗ ಏರುವುದು. 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಕೂಡಿದ ಮೇಲೆ ಗುಂಡ್ಲುಪೇಟೆಯ ಮೋಟಾರೂ ದಿಲ್ಲಿಯ ಮೋಟಾರೂ ಒಂದೇ ನಡಿಗೆಯನ್ನು ಅನುಸರಿಸುತ್ತಿರುವುವು.

ಕಾಯಬಲ್ಲ ಬಳಕೆ

ದೀಪವು ಸಂಜೆಗೇ ಬೇಕು. ಆಸ್ಪತ್ರೆಯ ಯಂತ್ರವು ಯಾವಾಗಲೂ ಬೇಕು. ಬೆಳೆಗಾದರೋ ನೀರು ಬೆಳಗ್ಗೆ ಹತ್ತಕ್ಕೆ ಬಂದರೂ ಮಧ್ಯಾಹ್ನ ಎರಡಕ್ಕೆ ಬಂದರೂ ಬಾಧಕವಿಲ್ಲ. ಹೀಗೆ ಹೊತ್ತನ್ನು ಬದಲಿಸಿಕೊಳ್ಳಬಲ್ಲ ಬಳಕೆಗಳಲ್ಲಿ ಪಂಪುಸೆಟ್ಟೇ ಮುಖ್ಯವಾದುದು. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರನ್ನೂ ಪಂಪುಗಳ ಫೀಡರನ್ನೂ ಬೇರ್ಪಡಿಸಿದ ಕಡೆಗಳಲ್ಲಿ ಊರಿನ ದೀಪಕ್ಕೆ ತೊಂದರೆಯಿಲ್ಲದೆ ಪಂಪುಗಳನ್ನು ಬಿಸಿಲಿನ ಹೊತ್ತಿಗೆ ತಿರುಗಿಸಲು ಸಾಧ್ಯವಾಗಿದೆ.

ಒಂದು ಲೆಕ್ಕ

ಒಂದು ಫೀಡರಿನಲ್ಲಿ 5 ಅಶ್ವಶಕ್ತಿಯ 200 ಪಂಪುಗಳಿವೆಯೆಂದು ಭಾವಿಸೋಣ. ಪ್ರತಿಯೊಂದೂ ಗಂಟೆಗೆ ಸುಮಾರು ನಾಲ್ಕುವರೆ ಯೂನಿಟ್ಟನ್ನು ಬಳಸುವುದು. ಎಲ್ಲವೂ ಕೂಡಿ ಮೂರುವರೆ ಗಂಟೆ ತಿರುಗಿದರೆ ಫೀಡರಿನ ಭಾರವು 900 ಕಿಲೋವಾಟ್, ಬಳಕೆಯು 3,150 ಯೂನಿಟ್. ಅವನ್ನೇ ಎರಡು ತಂಡಗಳಾಗಿ ವಿಭಾಗಿಸಿ, ಒಂಬತ್ತರಿಂದ ಹನ್ನೆರಡೂವರೆಯ ವರೆಗೆ 100 ಪಂಪುಗಳನ್ನೂ, ಅಲ್ಲಿಂದ ನಾಲ್ಕರ ವರೆಗೆ ಉಳಿದ 100 ಪಂಪುಗಳನ್ನೂ ನಡೆಸಿದರೆ ನೀರೂ ಯೂನಿಟ್ಟೂ ಅಷ್ಟೇ. ಭಾರವು ಮಾತ್ರ 450 ಕಿಲೋವಾಟಿಗೆ ಇಳಿಯುವುದು. ತಂತಿಯಲ್ಲಿ ಆಗುವ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಅರ್ಧ ಭಾರವನ್ನು ಎರಡರಷ್ಟು ಹೊತ್ತು ಸಾಗಿಸಿದರೆ ಒಟ್ಟು ನಷ್ಟವೂ ಅರ್ಧವಾಗುವುದು. ವೋಲ್ಟೇಜು ಕುಸಿಯದೆ ಮೋಟಾರೂ ಟ್ರಾನ್ಸ್‌ಫಾರ್ಮರೂ ಸುಡದೆ ಉಳಿಯುವುವು. ಬೆಳೆಯು ಬಾಡುವ ಕಾಲದಲ್ಲಿ ಟ್ರಾನ್ಸ್‌ಫಾರ್ಮರು ಸುಟ್ಟರೆ ಆಗುವ ನಷ್ಟವನ್ನು ಇಲ್ಲಿ ಬರೆಯಬೇಕಾದುದಿಲ್ಲ.

ಒಂದು ಮೆಗಾವಾಟಿನ ಸೌರ ಸ್ಥಾವರಕ್ಕೆ ನಾಲ್ಕೈದು ಎಕರೆ ನೆಲ ಬೇಕು. ಅದು ನಮ್ಮ ಸೀಮೆಯ ಬಿಸಿಲಿನಲ್ಲಿ ವರ್ಷದ ಸರಾಸರಿಯಿಂದ ದಿನಕ್ಕೆ 4,000 ಯೂನಿಟ್ಟುಗಳಿಗೆ ಕಡಿಮೆಯಿಲ್ಲದೆ ಕೊಡಬಲ್ಲದು. ಮೇಲ್ಕಂಡ ಫೀಡರಿಗೆ ಅಷ್ಟು ಸಾಕು. ನಡುಹಗಲಿನಲ್ಲಿ ಮಿಕ್ಕುದು ಜಾಲಕ್ಕೆ ಹೋಗುವುದು. ಮೋಡದ ದಿನದ ಕೊರತೆಯನ್ನು ಜಾಲವೇ ತುಂಬುವುದು. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಪಿ.ಎಂ. ಕುಸುಮ್ ಯೋಜನೆಯಲ್ಲಿ ಫೀಡರುಗಳಿಗೇ ಇಂತಹ ಸ್ಥಾವರಗಳನ್ನು ಸೇರಿಸಲು 2020ರಲ್ಲಿ ಏರ್ಪಾಡಾಯಿತು. ಬೆಳೆಗೆ ಒದಗದ ನೆಲವುಳ್ಳವರು ನಿಬಂಧನೆಗಳನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯಲ್ಲಿ ವಿಚಾರಿಸಿ, ಗುತ್ತಿಗೆಯ ಪತ್ರವನ್ನು ತಿಳಿದವರಿಂದ ಓದಿಸಿ ನೋಡಿದ ಮೇಲೆಯೇ ಸಹಿ ಮಾಡುವುದು ಲೇಸು.

ಗ್ರಾಮಸ್ಥರು ಮಾಡತಕ್ಕುದು

(1) ಆಟೋ ಸ್ಟಾರ್ಟರುಗಳನ್ನು ತೆರೆದಿಟ್ಟು ಬರುವ ರೂಢಿಯನ್ನು ಬಿಡಬೇಕು. ಕರೆಂಟು ಬಂದೊಡನೆ ಎಲ್ಲ ಮೋಟಾರುಗಳೂ ಏಕಕಾಲದಲ್ಲಿ ಎದ್ದರೆ, ಹೊರಡುವಾಗ ಪ್ರತಿಯೊಂದೂ ಸಾಮಾನ್ಯಕ್ಕಿಂತ ಹಲವು ಪಟ್ಟು ಪ್ರವಾಹವನ್ನು ಎಳೆಯುವುದರಿಂದ ಟ್ರಾನ್ಸ್‌ಫಾರ್ಮರಿಗೆ ಪೆಟ್ಟು ಬೀಳುವುದು.

(2) ಒಂದು ಟ್ರಾನ್ಸ್‌ಫಾರ್ಮರಿನ ಬಳಕೆದಾರರು ಒಂದೆಡೆ ಸೇರಿ ಸರತಿಯನ್ನು ಗೊತ್ತುಮಾಡಿಕೊಳ್ಳಬೇಕು. ಕೆರೆಯ ನೀರಿಗೆ ನೀರುಗಂಟಿಯು ಸರತಿ ಕೊಡುತ್ತಿದ್ದುದು ನಮ್ಮ ಹಿರಿಯರಿಗೆ ಹೊಸದಲ್ಲ. ತಂತಿಯ ಶಕ್ತಿಗೂ ಅದೇ ನ್ಯಾಯವು ಸಲ್ಲುವುದು. ದೊಡ್ಡ ಹಿಡುವಳಿದಾರರು ಮೊದಲು ಸರತಿಗೆ ಒಳಪಟ್ಟರೆ ಚಿಕ್ಕವರು ತಾವಾಗಿಯೇ ಅನುಸರಿಸುವರು.

(3) ಪ್ರತಿಯೊಂದು ಮೋಟಾರಿಗೂ ತಕ್ಕ ಕೆಪಾಸಿಟರನ್ನು ಹಾಕಿಸತಕ್ಕದ್ದು. ಇದರಿಂದ ತಂತಿಯಲ್ಲಿ ವ್ಯರ್ಥ ಪ್ರವಾಹವು ತಗ್ಗುವುದು.

(4) ಅನುಕೂಲವುಳ್ಳವರು ಹೊಲದ ಎತ್ತರದ ಭಾಗದಲ್ಲಿ ತೊಟ್ಟಿಯನ್ನಾಗಲಿ ತಳಕ್ಕೆ ಹಾಳೆ ಹಾಸಿದ ಕೃಷಿಹೊಂಡವನ್ನಾಗಲಿ ಮಾಡಿಕೊಳ್ಳುವುದು ಉತ್ತಮ. 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳದ ನೇರ ಗೋಡೆಯ ತೊಟ್ಟಿಯಲ್ಲಿ 2 ಲಕ್ಷ ಲೀಟರ್ ನೀರು ಹಿಡಿಯುವುದು. ವಿದ್ಯುತ್ತನ್ನು ಕೂಡಿಡಲಾರದ ಒಕ್ಕಲಿಗನು ಮಧ್ಯಾಹ್ನದ ಬಿಸಿಲನ್ನು ಹೀಗೆ ನೀರಿನ ರೂಪದಲ್ಲಿ ಕೂಡಿಟ್ಟು ತನಗೆ ಬೇಕಾದ ಹೊತ್ತಿನಲ್ಲಿ ಹನಿ ನೀರಾವರಿಗೆ ಬಿಡಬಹುದು.

ಒಂದು ಎಚ್ಚರಿಕೆ

2008ರಿಂದ 10 ಅಶ್ವಶಕ್ತಿಯ ವರೆಗಿನ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತಿನ ಶುಲ್ಕವಿಲ್ಲ. ಬಿಸಿಲಿಗೂ ಬೆಲೆಯಿಲ್ಲ. ಆದರೆ ಭೂಮಿಯೊಳಗಿನ ನೀರಿಗೆ ಮಿತಿಯುಂಟು. ಅಂತರ್ಜಲವನ್ನು ಅತಿಯಾಗಿ ಎತ್ತಿದ ತಾಲ್ಲೂಕುಗಳ ಸಾಲಿನಲ್ಲಿ ಗುಂಡ್ಲುಪೇಟೆಯೂ ಎಣಿಕೆಯಾಗಿರುವುದು. ಹಗಲೆಲ್ಲ ಶಕ್ತಿ ದೊರೆಯಿತೆಂದು ಹಗಲೆಲ್ಲ ನೀರೆತ್ತಿದರೆ ಕೊಳವೆ ಬಾವಿಯು ಬತ್ತಿ, ಇನ್ನೂ ಆಳಕ್ಕೆ ಕೊರೆಯಿಸುವ ಸಾಲವು ಮನೆಗೆ ಬರುವುದು. 2014ರಲ್ಲಿ ಪ್ರಕಟವಾದ ಸೂರ್ಯರೈತ ಯೋಜನೆಯಲ್ಲಿ, ಪಂಪು ತಿರುಗಿಸದೆ ಉಳಿಸಿದ ಸೌರಶಕ್ತಿಯನ್ನು ರೈತನಿಂದ ಹಣ ಕೊಟ್ಟು ಕೊಳ್ಳುವ ಏರ್ಪಾಡನ್ನು ಮಾಡಿದುದರ ತತ್ತ್ವವು ಇದೇ. ನೀರನ್ನು ಉಳಿಸಿದವನಿಗೆ ಆದಾಯವಿದ್ದರೆ ನೀರು ಉಳಿಯುವುದು.

ಆದುದರಿಂದ ಗ್ರಾಮದ ಯಜಮಾನರು ಮುಂದಿನ ಬೇಸಗೆಗೆ ಮುಂಚೆಯೇ ತಮ್ಮ ಫೀಡರಿನ ಪಂಪುಗಳ ಸಂಖ್ಯೆ, ಅಶ್ವಶಕ್ತಿ, ಬೆಳೆ, ಬಾವಿಯ ಆಳ ಇವುಗಳ ಪಟ್ಟಿಯೊಂದನ್ನು ತಯಾರಿಸಿ, ಸರತಿಯ ವಿಚಾರವನ್ನು ಗ್ರಾಮಸಭೆಯ ಮುಂದಿಟ್ಟು, ಹಗಲು ಪಾಳಿಯ ಕೋರಿಕೆಯೊಡನೆ ಆ ಪಟ್ಟಿಯನ್ನು ಸೆಕ್ಷನ್ ಆಫೀಸಿಗೆ ಒಪ್ಪಿಸುವುದು ಯುಕ್ತವಾಗಿದೆ. ಸರತಿಗೆ ಒಪ್ಪಿದ ಫೀಡರಿಗೆ ಹಗಲಿನಲ್ಲಿ ಶಕ್ತಿಯನ್ನು ಕೊಡುವುದು ನಿಗಮಕ್ಕೂ ಸುಲಭ. ರಾತ್ರಿಯ ನಿದ್ರೆಯು ಒಕ್ಕಲಿಗನಿಗೂ ಲಭ್ಯವಾಗುವುದು.