ನಾಲ್ಕು ಎಕರೆಗೊಂದು ಟ್ರ್ಯಾಕ್ಟರು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಕ್ಕೆ ಸರಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಕೆರೆಯ ದಡದಲ್ಲಿ ನಾಲ್ಕು ಗರ್ಭಗುಡಿಗಳುಳ್ಳ ಲಕ್ಷ್ಮೀದೇವಿಯ ಗುಡಿಯಿದೆ. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ, ವಿಷ್ಣುವರ್ಧನನು ಆಳುತ್ತಿದ್ದಾಗ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಅದನ್ನು ಕಟ್ಟಿಸಿದರು. ಪ್ರವಾಸಿಗಳು ಗುಡಿಯನ್ನು ನೋಡಿ ಹಿಂದಿರುಗುತ್ತಾರೆ. ಸುತ್ತಣ ನೆಲವನ್ನು ನಿಂತು ನೋಡುವವರು ಕಡಿಮೆ.

ಆ ನೆಲವೂ ನೋಡತಕ್ಕದ್ದೇ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಪ್ರದೇಶವಿದು. ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ರಾಗಿ, ಜೋಳ, ಆಲೂಗಡ್ಡೆಯ ಹೊಲ, ನೀರಿದ್ದಲ್ಲಿ ತೆಂಗು ಅಡಕೆಯ ತೋಟ. ಒಂದೇ ಮನೆಯವರಿಗೆ ಈ ಮೂರೂ ಇರುವುದುಂಟು; ಆದರೆ ಮೂರೂ ಒಂದೆಡೆ ಇರುವುದಿಲ್ಲ. ಅಜ್ಜನ ಕಾಲದ ಹಿಡುವಳಿ ಮಕ್ಕಳಲ್ಲಿ ಪಾಲಾಗಿ, ಮೊಮ್ಮಕ್ಕಳಲ್ಲಿ ಮತ್ತೆ ಪಾಲಾಗಿ, ಎಕರೆಗಳಲ್ಲಿದ್ದುದು ಗುಂಟೆಗಳಿಗೆ ಇಳಿದಿದೆ. 2015-16ರ ಕೃಷಿ ಗಣತಿಯ ಪ್ರಕಾರ ಭಾರತದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.08 ಹೆಕ್ಟೇರು ಮಾತ್ರ, ಎಂದರೆ ಎರಡು ಎಕರೆ ಇಪ್ಪತ್ತೇಳು ಗುಂಟೆಯಷ್ಟು.

ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಒಂದೂವರೆ ಎಕರೆ ಗದ್ದೆ, ಎರಡು ಎಕರೆ ಹೊಲ, ಅರ್ಧ ಎಕರೆ ತೋಟ. 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ ಉಳುವವನು ಒಡೆಯನಾದಾಗ ಆ ಮನೆಯ ಅಜ್ಜನ ಹೆಸರಿಗೆ ಬಂದ ನೆಲವದು. ಕೊಟ್ಟಿಗೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಈಗ ತಂದೆಗೆ ವಯಸ್ಸಾಗಿದೆ. ಮೇಣಿ ಹಿಡಿದು ದಿನವಿಡೀ ಸಾಲಿನ ಹಿಂದೆ ನಡೆಯಲಾರ. ಟ್ರ್ಯಾಕ್ಟರು ಕೊಳ್ಳಬೇಕೆಂದು ಮಗನ ಆಸೆ. ಎತ್ತುಗಳನ್ನು ಮಾರಿ ಬಂದ ಹಣಕ್ಕೆ ಸಾಲದ ಹಣ ಸೇರಬೇಕು. ಸಾಲಕ್ಕೆ ನೆಲವೇ ಆಧಾರವಾಗಬೇಕು. ಆದುದರಿಂದ ಯಾವ ಟ್ರ್ಯಾಕ್ಟರು ಎಂಬ ಪ್ರಶ್ನೆ ಅಂಗಡಿಯಲ್ಲಿ ಬಣ್ಣ ನೋಡಿ ತೀರ್ಮಾನಿಸುವ ಪ್ರಶ್ನೆಯಲ್ಲ. ಅಜ್ಜನಿಗೆ ದೊರೆತ ನೆಲ ಮನೆಯಲ್ಲಿ ಉಳಿಯುವುದೇ ಎಂಬುದೂ ಅದರಲ್ಲಿ ಅಡಗಿದೆ.

ಮೊದಲು ಶಕ್ತಿಯ ಮಾತು. ಒಂದು ಜೊತೆ ಎತ್ತುಗಳು ದಿನವಿಡೀ ಎಳೆಯುವ ಶಕ್ತಿ ಸುಮಾರು ಒಂದು ಅಶ್ವಶಕ್ತಿ. ಅದರಿಂದ ದಿನಕ್ಕೆ ಅರ್ಧ ಎಕರೆಯಷ್ಟು ಉಳಬಹುದು. ಸಣ್ಣ ಟ್ರ್ಯಾಕ್ಟರಿನ ಎಂಜಿನ್ನಿಗೆ ಹದಿನೆಂಟರಿಂದ ಇಪ್ಪತ್ತೈದು ಅಶ್ವಶಕ್ತಿ, ರಸ್ತೆಯಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡದಕ್ಕೆ ನಲವತ್ತರಿಂದ ಐವತ್ತು. ಹೆಚ್ಚು ಇದ್ದಷ್ಟೂ ಒಳ್ಳೆಯದೆಂದು ತೋರುವುದು ಸಹಜ. ಆದರೆ ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯೆಲ್ಲ ನೇಗಿಲಿಗೆ ಮುಟ್ಟುವುದಿಲ್ಲ. ಹಲ್ಲುಚಕ್ರಗಳ ಘರ್ಷಣೆಯಲ್ಲಿ ಒಂದಂಶ ನಷ್ಟವಾಗುತ್ತದೆ. ಸಡಿಲ ಮಣ್ಣಿನಲ್ಲಿ ಗಾಲಿ ಜಾರಿದಾಗ ಮತ್ತಷ್ಟು. ಮಣ್ಣನ್ನು ಹಿಡಿದು ಮುನ್ನುಗ್ಗಲು ಹಿಂದಿನ ಗಾಲಿಗಳ ಮೇಲೆ ತೂಕ ಬೀಳಬೇಕು. ತೂಕವಿಲ್ಲದ ಶಕ್ತಿ ಇದ್ದಲ್ಲಿಯೇ ಗಾಲಿ ತಿರುಗಿಸುತ್ತದೆ.

ಹಾಗಾದರೆ ಹಗುರವಾದ ಟ್ರ್ಯಾಕ್ಟರು ನೇಗಿಲನ್ನು ಎಳೆಯುವುದು ಹೇಗೆ? ಇದಕ್ಕೆ ಉತ್ತರ ಕಂಡುಕೊಂಡವನು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಅವನಿಗಿಂತ ಮುಂಚೆ ನೇಗಿಲನ್ನು ಬಂಡಿಯಂತೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುತ್ತಿದ್ದರು. ಗುಳ ಒಂದು ಬಂಡೆಗೋ ಬೇರಿಗೋ ಸಿಕ್ಕಿ ನಿಂತರೆ, ಎಂಜಿನ್ನು ತಿರುಗುತ್ತಲೇ ಇರುವುದರಿಂದ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚಿ ಬೀಳುತ್ತಿತ್ತು. ಫರ್ಗ್ಯುಸನ್ ನೇಗಿಲನ್ನು ಮೂರು ತೋಳುಗಳಿಂದ, ಕೆಳಗೆ ಎರಡು ಮೇಲೆ ಒಂದು, ಟ್ರ್ಯಾಕ್ಟರಿಗೇ ಬಿಗಿದನು. ಆಗ ಗುಳಕ್ಕೆ ತಡೆಯೊದಗಿದರೆ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ, ಮುಂಭಾಗ ಏಳಗೊಡುವುದಿಲ್ಲ; ಮಣ್ಣಿನ ಎಳೆತವೇ ಹಿಂದಿನ ಗಾಲಿಗಳ ಮೇಲೆ ಭಾರವಾಗಿ ಬೀಳುತ್ತದೆ. ನೇಗಿಲು ಆಳಕ್ಕಿಳಿದಷ್ಟೂ ಗಾಲಿಯ ಹಿಡಿತ ಬಿಗಿಯಾಗುತ್ತದೆ. 1939ರಲ್ಲಿ ಫೋರ್ಡ್ ಕಾರ್ಖಾನೆಯಿಂದ ಹೊರಬಂದ ಟ್ರ್ಯಾಕ್ಟರಿನಲ್ಲಿ ಈ ಏರ್ಪಾಡನ್ನು ಅಳವಡಿಸಲಾಯಿತು. ಇಂದು ಹಾಸನದ ಸಂತೆಬೀದಿಯಲ್ಲಿ ಹಾದುಹೋಗುವ ಯಾವ ಟ್ರ್ಯಾಕ್ಟರಿನ ಹಿಂದೆ ನೋಡಿದರೂ ಆ ಮೂರು ತೋಳುಗಳು ಕಾಣುತ್ತವೆ. ಸಣ್ಣ ಹಿಡುವಳಿಗೆ ಸಣ್ಣ ಟ್ರ್ಯಾಕ್ಟರು ಸಾಕೆಂದು ಹೇಳುವ ಧೈರ್ಯ ಬಂದುದು ಆ ತೋಳುಗಳಿಂದಲೇ.

ಭಾರತದಲ್ಲಿ ಟ್ರ್ಯಾಕ್ಟರಿನ ತಯಾರಿಕೆ 1959ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪಿತವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ, ಹಿಂದೆ ನಡೆದುಕೊಂಡು ನಡೆಸುವ ಎರಡು ಗಾಲಿಯ ಪವರ್ ಟಿಲ್ಲರನ್ನು ನಮ್ಮ ಗದ್ದೆಗಳಿಗೆ ತಂದಿತು. ಮುಂದೆ ಹದಿನೆಂಟೂವರೆ ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರನ್ನೂ ತಯಾರಿಸಿತು. ಜಪಾನಿನ ಗದ್ದೆಗಳೂ ಕಿರಿದು. ಆದುದರಿಂದ ಅಲ್ಲಿಯ ಯಂತ್ರ ಇಲ್ಲಿಗೆ ಹೊಂದಿಕೊಂಡುದು ಆಶ್ಚರ್ಯವಲ್ಲ.

ಇನ್ನು ನೆಲವೇ ಏನನ್ನು ಕೇಳುತ್ತದೆ ಎಂಬುದನ್ನು ನೋಡಬೇಕು. ಭತ್ತದ ಗದ್ದೆಯ ಮೇಲ್ಮಣ್ಣಿನ ಕೆಳಗೆ, ತಲೆಮಾರುಗಳ ಉಳುಮೆಯಿಂದಲೂ ತುಳಿತದಿಂದಲೂ ಉಂಟಾದ ಗಟ್ಟಿ ಪದರವೊಂದಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದು ಅದರ ದೆಸೆಯಿಂದ. ಭಾರವಾದ ಟ್ರ್ಯಾಕ್ಟರನ್ನು ಕೆಸರಿಗಿಳಿಸಿ ವರ್ಷವರ್ಷವೂ ತಿರುಗಿಸಿದರೆ ಆ ಪದರ ಒಡೆಯುತ್ತದೆ. ಗದ್ದೆ ಆಳವಾಗುತ್ತದೆ, ನೀರು ಇಂಗಿಹೋಗುತ್ತದೆ, ಕೊನೆಗೆ ಟ್ರ್ಯಾಕ್ಟರೇ ಹೂತುಕೊಳ್ಳುತ್ತದೆ. ಹೂತ ಟ್ರ್ಯಾಕ್ಟರನ್ನು ಎಳೆಯಲು ಮತ್ತೊಂದನ್ನು ಕರೆಸುವ ದೃಶ್ಯ ನಾಟಿಯ ಕಾಲದಲ್ಲಿ ಅಪರೂಪವಲ್ಲ. ಹತ್ತು ಗುಂಟೆಯ ಮಡಿಯಲ್ಲಿ ದೊಡ್ಡ ಯಂತ್ರ ತಿರುಗಲು ಜಾಗವೂ ಸಾಲದು. ನಾಲ್ಕು ಮೂಲೆಗಳನ್ನೂ ಗುದ್ದಲಿಗೆ ಬಿಟ್ಟು ಬರುತ್ತದೆ, ಬದುವನ್ನೂ ಕೆಡಿಸಿ ಬರುತ್ತದೆ. ಇಲ್ಲಿ ಹಗುರವಾದ ಟಿಲ್ಲರೋ, ಕೆಸರಿನಲ್ಲಿ ಹೂಳದಂತೆ ಗಾಲಿಗೆ ಕಬ್ಬಿಣದ ಪಂಜರಗಾಲಿ ಸೇರಿಸಿದ ಸಣ್ಣ ಟ್ರ್ಯಾಕ್ಟರೋ ಉತ್ತಮ.

ತೋಟದ ಲೆಕ್ಕ ಬೇರೆ. ಅಡಕೆಯ ಸಸಿಗಳನ್ನು ಸಾಮಾನ್ಯವಾಗಿ ಒಂಬತ್ತು ಅಡಿಗೊಂದರಂತೆ ನೆಡುತ್ತಾರೆ. ಐದೂವರೆ ಆರು ಅಡಿ ಅಗಲದ ಯಂತ್ರ ಆ ಸಾಲಿನಲ್ಲಿ ಹೊಕ್ಕೀತು. ಆದರೆ ಅಡಕೆಯ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡಿರುವುದರಿಂದ, ಮಣ್ಣನ್ನು ಪುಡಿಮಾಡುವ ರೋಟವೇಟರು ಮರದ ಬುಡಕ್ಕೆ ಹತ್ತಿರ ಹೋದಷ್ಟೂ ಕೇಡು. ಅಗಲ ಕಡಿಮೆಯಾದ ಟ್ರ್ಯಾಕ್ಟರು ಸಾಲಿನ ನಡುವೆ ಮಾತ್ರ ಹಾದು, ಬುಡವನ್ನು ಕೈಗೆ ಬಿಟ್ಟು ಬರುವುದು ಲೇಸು. ಒಣಹೊಲದಲ್ಲಿ ಮಾತ್ರ ದೊಡ್ಡದಕ್ಕೆ ನ್ಯಾಯವಾದ ಸ್ಥಾನವಿದೆ. ಬೇಸಗೆಯಲ್ಲಿ ಬಿರುಸಾದ ಕೆಂಪುನೆಲವನ್ನು ಆಳವಾಗಿ ಉಳುವುದು ಸಣ್ಣ ಯಂತ್ರಕ್ಕೆ ಏದುಸಿರಿನ ಕೆಲಸ.

ಗದ್ದೆ ಒಂದನ್ನು ಕೇಳುತ್ತದೆ, ಹೊಲ ಇನ್ನೊಂದನ್ನು. ಆಗ ವರ್ಷಕ್ಕೆ ಯಾವ ಕೆಲಸ ಎಷ್ಟು ಗಂಟೆ ಎಂದು ಬರೆದು ನೋಡುವುದೊಂದೇ ಉಪಾಯ. ಮೇಲೆ ಹೇಳಿದ ನಾಲ್ಕು ಎಕರೆಯಲ್ಲಿ ಹೊಲದ ಉಳುಮೆ, ಗದ್ದೆಯ ಕೆಸರು, ತೋಟದ ಕಳೆ, ಗೊಬ್ಬರ ಮತ್ತು ಫಸಲಿನ ಸಾಗಣೆ ಎಲ್ಲ ಸೇರಿ ಐವತ್ತು ಗಂಟೆ ಮುಟ್ಟಿದರೆ ಹೆಚ್ಚು. ಕೃಷಿ ಯಂತ್ರಗಳ ಲೆಕ್ಕದಲ್ಲಿ ಟ್ರ್ಯಾಕ್ಟರಿನ ಬಾಳಿಕೆಯನ್ನು ಹತ್ತು ವರ್ಷ, ವರ್ಷಕ್ಕೆ ಸಾವಿರ ಗಂಟೆ ಎಂದು ಹಿಡಿಯುವುದು ವಾಡಿಕೆ. ಲೆಕ್ಕಕ್ಕಾಗಿ ಯಂತ್ರದ ಬೆಲೆ ಐದು ಲಕ್ಷ ರೂಪಾಯಿ ಎನ್ನಿ. ಹತ್ತು ವರ್ಷದ ಮೇಲೆ ಐವತ್ತು ಸಾವಿರಕ್ಕೆ ಮಾರಿದರೆ ವರ್ಷಕ್ಕೆ ಸವೆಯುವ ಬೆಲೆ 45,000 ರೂಪಾಯಿ. ಮೊದಲ ಬೆಲೆ, ಕೊನೆಯ ಬೆಲೆಗಳ ಸರಾಸರಿಯಾದ 2,75,000 ರೂಪಾಯಿಗೆ ನೂರಕ್ಕೆ ಹತ್ತರಂತೆ ಬಡ್ಡಿ 27,500. ಎರಡೂ ಸೇರಿ 72,500. ಐವತ್ತು ಗಂಟೆ ದುಡಿದರೆ ಗಂಟೆಗೆ 1,450 ರೂಪಾಯಿ ಬಿದ್ದಂತಾಯಿತು. ಇದರಲ್ಲಿ ಡೀಸೆಲ್ ಇಲ್ಲ, ರಿಪೇರಿ ಇಲ್ಲ, ವಿಮೆಯಿಲ್ಲ. ಅದೇ ಯಂತ್ರ ಐನೂರು ಗಂಟೆ ದುಡಿದರೆ ಗಂಟೆಗೆ 145 ಮಾತ್ರ. ತಮ್ಮ ಊರಿನಲ್ಲಿ ಟ್ರ್ಯಾಕ್ಟರಿನ ಬಾಡಿಗೆ ಗಂಟೆಗೆ ಎಷ್ಟೆಂದು ವಿಚಾರಿಸಿ ವಿದ್ಯಾರ್ಥಿಗಳು ಈ ಅಂಕಿಗಳೊಡನೆ ಹೋಲಿಸಿ ನೋಡಬಹುದು. ಬಾಡಿಗೆಗೆ ಬರುವ ಯಂತ್ರ ಡೀಸೆಲನ್ನೂ ಚಾಲಕನನ್ನೂ ಜೊತೆಗೆ ತರುತ್ತದೆಂಬುದನ್ನು ಮರೆಯಬಾರದು.

ಬಾಗಿಲಲ್ಲಿ ನಿಂತ ಟ್ರ್ಯಾಕ್ಟರಿಗೆ ಮದುವೆಯ ಮಾತುಕತೆಯಲ್ಲಿ ಒಂದು ಬೆಲೆಯುಂಟು. ಅದನ್ನು ಯಾವ ಲೆಕ್ಕದಲ್ಲಿಯೂ ಬರೆಯಲಾಗುವುದಿಲ್ಲ. ಕಂತಿನ ದಿನ ಮಾತ್ರ ಆ ಬೆಲೆ ಉಪಯೋಗಕ್ಕೆ ಬರುವುದಿಲ್ಲ.

ಹಾಗೆಂದು ಬಾಡಿಗೆಯೇ ಸರಿ ಎಂದು ತೀರ್ಪು ಕೊಟ್ಟರೆ ಮಗನ ಪಕ್ಷವನ್ನು ಕೇಳಿದಂತಾಗಲಿಲ್ಲ. ಒಕ್ಕಲುತನದಲ್ಲಿ ಹದವೆಂಬುದೊಂದುಂಟು. ಹಾಸನದ ಮಾರುಕಟ್ಟೆಗೆ ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ. ರೈತರು ಅದನ್ನು ತಂದಿಟ್ಟು ಮುಂಗಾರಿನ ಮೊದಲ ಮಳೆಗಳಿಗಾಗಿ ಕಾಯುತ್ತಾರೆ. ಮಳೆ ಬಿದ್ದು ನೆಲ ಹದವಾದ ಮೇಲೆ ದೊರೆಯುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಬಾಡಿಗೆಯ ಟ್ರ್ಯಾಕ್ಟರು ಎಲ್ಲರಿಗೂ ಒಟ್ಟಿಗೇ ಬೇಕು. ಹತ್ತು ಎಕರೆಯವನ ಹೊಲ ಮುಗಿದ ಮೇಲೆ ಎರಡು ಎಕರೆಯವನ ಸರದಿ. ಅಷ್ಟರಲ್ಲಿ ನೆಲ ಒಣಗಿರುತ್ತದೆ, ಇಲ್ಲವೇ ಇನ್ನೊಂದು ಮಳೆ ಸುರಿದು ಕೆಸರಾಗಿರುತ್ತದೆ. ತಪ್ಪಿದ ಹದದಿಂದಾದ ನಷ್ಟವನ್ನು ಮೇಲಿನ ಲೆಕ್ಕ ತೋರಿಸುವುದಿಲ್ಲ. ಸ್ವಂತ ಯಂತ್ರ ಬೇಕೆನ್ನುವವನ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಈ ಭಯವೇ. ಅದನ್ನು ಷೋಕಿಯೆಂದು ಹಳಿಯುವುದು ಅನ್ಯಾಯ.

ಈ ತೊಡಕನ್ನು ಸಡಿಲಿಸಲು ಕರ್ನಾಟಕ ಸರ್ಕಾರವು 2014-15ರಲ್ಲಿ ಹೋಬಳಿ ಮಟ್ಟದಲ್ಲಿ ‘ಕೃಷಿ ಯಂತ್ರಧಾರೆ’ ಎಂಬ ಬಾಡಿಗೆ ಕೇಂದ್ರಗಳನ್ನು ಆರಂಭಿಸಿತು. ಇನ್ನೊಂದು ದಾರಿ, ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಂದು ಸಣ್ಣ ಟ್ರ್ಯಾಕ್ಟರನ್ನು ಕೊಳ್ಳುವುದು. ಹದಿನೈದು ಎಕರೆಗೆ ಒಂದೆಂದಾದರೆ ಗಂಟೆಗಳೂ ಹೆಚ್ಚುತ್ತವೆ, ಸರದಿಯೂ ಬೇಗ ಬರುತ್ತದೆ. ಮೊದಲು ಯಾರ ಹೊಲ, ಮುರಿದರೆ ಯಾರ ಖರ್ಚು, ಚಾಲಕ ಯಾರು ಎಂಬುದನ್ನು ಕೊಳ್ಳುವುದಕ್ಕೆ ಮುಂಚೆಯೇ ಕಾಗದದ ಮೇಲೆ ಬರೆದುಕೊಂಡಿರಬೇಕು. ಅಣ್ಣತಮ್ಮಂದಿರಾದರಂತೂ ತಪ್ಪದೆ ಬರೆದುಕೊಂಡಿರಬೇಕು.

ಕೊಳ್ಳುವುದೆಂದೇ ನಿಶ್ಚಯವಾದರೆ, ಮಾರುವವನ ಮಾತಿಗಿಂತ ಹೆಚ್ಚಿನ ಆಧಾರವೊಂದಿದೆ. ಮಧ್ಯಪ್ರದೇಶದ ಬುದನಿಯಲ್ಲಿ 1955ರಿಂದ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಅಲ್ಲಿ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ, ಎಳೆಯುವ ಬಲವೆಷ್ಟು, ಹಿಂದಿನ ತಿರುಗುದಂಡಕ್ಕೆ ದೊರೆಯುವ ಶಕ್ತಿಯೆಷ್ಟು, ಗಂಟೆಗೆ ಎಷ್ಟು ಇಂಧನ ಕುಡಿಯುತ್ತದೆ ಎಂದು ವರದಿ ಮಾಡುತ್ತಾರೆ. ಆ ವರದಿಯನ್ನು ಕೇಳಿ ಪಡೆಯಬೇಕು. ಅನಂತರ ಯಂತ್ರವನ್ನು ತಮ್ಮ ಗದ್ದೆಗೇ ತರಿಸಿ, ತಮ್ಮ ಬದುವನ್ನೇ ದಾಟಿಸಿ ನೋಡಬೇಕು. ಕೆಟ್ಟರೆ ಬಿಡಿಭಾಗ ಹಾಸನದಲ್ಲಿ ಅಂದೇ ಸಿಗುವುದೇ, ಬೆಂಗಳೂರಿನಿಂದ ಬರುವ ತನಕ ಕಾಯಬೇಕೇ ಎಂದು ವಿಚಾರಿಸಬೇಕು. ಕಾಯುವುದಾದರೆ ಹದ ಹೋಯಿತೆಂದೇ ಲೆಕ್ಕ.

ಮನೆಯ ಹುಡುಗರು ಯಂತ್ರದ ಮೇಲೆ ಕೈಯಿಡುವ ಮುನ್ನ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಆ ತಿರುಗುದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ಚುಂಗೋ ಸೆರಗೋ ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ವೇಳೆಯಿಲ್ಲ. ಅದರ ಮೇಲಿನ ಮುಸುಕನ್ನು ಕಳಚಿಡಬಾರದು. ಟ್ರ್ಯಾಕ್ಟರಿಗೆ ಎಡಗಾಲಿಗೊಂದು ಬಲಗಾಲಿಗೊಂದು ಬ್ರೇಕು ಬೇರೆಬೇರೆಯಾಗಿರುತ್ತದೆ. ಹೊಲದ ಮೂಲೆಯಲ್ಲಿ ತಿರುಗಲು ಅದು ಅನುಕೂಲ. ರಸ್ತೆಗಿಳಿಯುವಾಗ ಎರಡು ಪೆಡಲುಗಳನ್ನೂ ಕೊಂಡಿಯಿಂದ ಜೋಡಿಸದಿದ್ದರೆ, ಒಂದನ್ನೇ ಒತ್ತಿದಾಗ ಟ್ರ್ಯಾಕ್ಟರು ಒಂದೇ ಕಡೆಗೆ ಎಳೆದು ಮಗುಚುತ್ತದೆ.

ಎತ್ತುಗಳನ್ನೇನು ಮಾಡುವುದು? ಅವುಗಳಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯಲ್ಲಿ ಕೊಳ್ಳುವವರು ಸಿಕ್ಕಾರು. ಆದರೆ ರಾಗಿಯ ಪೈರು ಗೇಣುದ್ದ ಬೆಳೆದು ಸಾಲುಗಳ ನಡುವೆ ಕುಂಟೆ ಹಾಯಿಸುವ ಹೊತ್ತಿಗೆ, ಪೈರನ್ನು ತುಳಿಯದೆ ಹೋಗಬಲ್ಲವು ಆ ಎಂಟು ಕಾಲುಗಳೇ. ಕೊಟ್ಟಿಗೆ ಬರಿದಾದರೆ ಹೊಲಕ್ಕೆ ಗೊಬ್ಬರವೂ ಇಲ್ಲ. ಯಂತ್ರವನ್ನು ಹಂಚಿಕೊಂಡು ಎತ್ತನ್ನು ಉಳಿಸಿಕೊಂಡ ಮನೆಯಲ್ಲಿ ತಂದೆ ವರ್ಷಕ್ಕೆ ನಾಲ್ಕಾರು ದಿನ ಕುಂಟೆಯ ಹಿಂದೆ ನಡೆಯುತ್ತಾನೆ. ಬಿರುಸು ನೆಲದ ಉಳುಮೆ ಮಗನ ಪಾಲಿಗೆ ಬರುತ್ತದೆ.